ಆಸ್ಪತ್ರೆಯಲ್ಲಿ ದುಭಾಷಿಯಾಗುವ ಮಕ್ಕಳು: ಸಂಶೋಧಕರೂ ಆಡಳಿತಗಾರರೂ ಒಂದೆಡೆ ಕುಳಿತರೆ ಗಡಿನಾಡಿಗೇನು ದೊರೆತೀತು?

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಕರ್ತವ್ಯವಿದೆ. ಅಜ್ಜಿಯನ್ನೋ ತಾಯಿಯನ್ನೋ ಸರಕಾರಿ ಆಸ್ಪತ್ರೆಗೆ ಕರೆದೊಯ್ಯುವಾಗ ರಾಜ್ಯಭಾಷೆ ಬಲ್ಲ ಮಗುವೊಂದು ಜೊತೆಗಿರಬೇಕು. ವೈದ್ಯರ ಪ್ರಶ್ನೆಯನ್ನು ಹಿರಿಯರಿಗೂ ಹಿರಿಯರ ನೋವನ್ನು ವೈದ್ಯರಿಗೂ ತಿಳಿಸಬೇಕು. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆಡುಮಾತು ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಆಗಿರುತ್ತದೆ. ಶಾಲೆಯಲ್ಲಿ ಕಲಿಯುವುದು ಗ್ರಾಂಥಿಕ ಕನ್ನಡ, ಆಸ್ಪತ್ರೆಯ ಫಲಕದಲ್ಲಿರುವುದು ಮಲಯಾಳ, ಔಷಧದ ಚೀಟಿಯಲ್ಲಿರುವುದು ಇಂಗ್ಲಿಷ್. ತಾಳವಾಡಿ, ಹೊಸೂರುಗಳಲ್ಲಿ ಮಲಯಾಳದ ಸ್ಥಾನವನ್ನು ತಮಿಳು, ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿ, ಆದೋನಿ, ರಾಯದುರ್ಗ, ಮಡಕಶಿರಾಗಳಲ್ಲಿ ತೆಲುಗು ಪಡೆದುಕೊಂಡಿದೆ. ಇದನ್ನು ನಾವು ಈವರೆಗೆ ಮನೆಯ ಕಷ್ಟವೆಂದೇ ಸಹಿಸಿಕೊಂಡು ಬಂದಿದ್ದೇವೆ. ಇದು ಸಾರ್ವಜನಿಕ ಪ್ರಶ್ನೆಯೂ ಹೌದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇಂಥದೇ ಕಷ್ಟ ಬೇರೊಂದು ದೇಶದಲ್ಲಿ ಹೇಗೆ ಸರಕಾರದ ನಿಯಮವಾಯಿತೆಂಬುದನ್ನು ಮೊದಲು ನೋಡೋಣ. ಅಮೆರಿಕದಲ್ಲಿ ಸ್ಪಾನಿಷ್ ಮಾತನಾಡುವ ಕುಟುಂಬಗಳು ಇಂಗ್ಲಿಷ್ ಮಾತ್ರ ಬಲ್ಲ ವೈದ್ಯರ ಬಳಿ ಹೋದಾಗ ಏನಾಗುತ್ತದೆ ಎಂಬುದನ್ನು ಮಕ್ಕಳ ವೈದ್ಯ ಗ್ಲೆನ್ ಫ್ಲೋರೆಸ್ ಮತ್ತು ಅವರ ಸಂಗಡಿಗರು ಧ್ವನಿಮುದ್ರಣ ಮಾಡಿ ಪರಿಶೀಲಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನ ನೋಡಿದ್ದು ಕೇವಲ 13 ಭೇಟಿಗಳನ್ನು. ಅವುಗಳಲ್ಲಿ ಭಾಷಾಂತರದ 396 ತಪ್ಪುಗಳು, ಎಂದರೆ ಭೇಟಿಯೊಂದಕ್ಕೆ ಸರಾಸರಿ 31 ತಪ್ಪುಗಳು ಕಂಡುಬಂದವು. ಅವುಗಳಲ್ಲಿ ಶೇಕಡಾ 63ರಷ್ಟು ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಲ್ಲ ತಪ್ಪುಗಳಾಗಿದ್ದವು. ಔಷಧದ ಅಲರ್ಜಿಯ ಬಗೆಗಿನ ಪ್ರಶ್ನೆಯೇ ಬಿಟ್ಟುಹೋಗಿತ್ತು. ಎಷ್ಟು ಪ್ರಮಾಣ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬ ಸೂಚನೆಗಳು ಕಳಚಿಹೋಗಿದ್ದವು. ಕಿವಿಯ ಸೋಂಕಿಗೆ ಬಾಯಿಯಿಂದ ಕುಡಿಸಬೇಕಾದ ಅಮಾಕ್ಸಿಸಿಲಿನ್ ಔಷಧವನ್ನು ಎರಡೂ ಕಿವಿಗಳಿಗೆ ಹಾಕುವಂತೆ ತಾಯಿಯೊಬ್ಬರಿಗೆ ಹೇಳಲಾಗಿತ್ತು. ತರಬೇತಿ ಇಲ್ಲದೆ ಆ ಹೊತ್ತಿಗೆ ದುಭಾಷಿಗಳಾಗಿ ನಿಂತವರಲ್ಲಿ ದಾದಿಯರಿದ್ದರು, ಸಮಾಜ ಕಾರ್ಯಕರ್ತರಿದ್ದರು, 11 ವರ್ಷದ ಒಂದು ಮಗುವೂ ಇತ್ತು. ಆ ಮಗು ರೋಗಿಯ ಒಡಹುಟ್ಟು. ಇಂಥವರು ಮಾಡಿದ ತಪ್ಪುಗಳಲ್ಲಿ ಅಪಾಯಕಾರಿಯಾಗಬಲ್ಲವು ಶೇಕಡಾ 77. ಆಸ್ಪತ್ರೆಯ ದುಭಾಷಿಗಳ ತಪ್ಪುಗಳಲ್ಲಿ ಈ ಪಾಲು ಶೇಕಡಾ 53.

ಈ ಅಂಕಿಗಳು ಗ್ರಂಥಾಲಯದ ಕಪಾಟಿನಲ್ಲಿ ಉಳಿಯಲಿಲ್ಲವೆಂಬುದು ನಾವು ಗಮನಿಸಬೇಕಾದ ಸಂಗತಿ. ಈ ಬಗೆಯ ಅಧ್ಯಯನಗಳು ಬೆಳೆದುಬಂದ ಮೇಲೆ, ಆ ದೇಶದ ಆರೋಗ್ಯ ಸೇವಾ ಸಂಶೋಧನೆ ಮತ್ತು ಗುಣಮಟ್ಟ ಸಂಸ್ಥೆಯು 2012ರಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗಳ ಸುರಕ್ಷತೆಗಾಗಿ ಆಸ್ಪತ್ರೆಗಳಿಗೆ ಒಂದು ಮಾರ್ಗದರ್ಶಿಯನ್ನು ಹೊರತಂದಿತು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ನಿಯಮವು, ಪ್ರಾಣಾಪಾಯದ ತುರ್ತು ಸಂದರ್ಭವನ್ನು ಬಿಟ್ಟರೆ, ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸಕೂಡದೆಂದು ವಿಧಿಸಿತು. ಸಂಶೋಧಕರು ಎಣಿಸಿದರು, ಆಸ್ಪತ್ರೆಯ ನಿರ್ವಾಹಕರಿಗೆ ಕೈಪಿಡಿ ಸಿಕ್ಕಿತು, ನೀತಿ ನಿರೂಪಕರು ನಿಯಮ ಬರೆದರು. ಈ ಮೂರು ಹೆಜ್ಜೆಗಳ ನಡುವೆ 13 ವರ್ಷಗಳೇ ಸಂದವು ಎಂಬುದೂ ಮರೆಯತಕ್ಕದ್ದಲ್ಲ.

ಮೂವರನ್ನು ಬೆಸೆಯುವ ಸಂಘಟನೆ

ಆರೋಗ್ಯ ಸೇವಾ ಸಂಶೋಧನೆ ಎಂದರೆ ಹೊಸ ಔಷಧವನ್ನು ಕಂಡುಹಿಡಿಯುವ ವಿಜ್ಞಾನವಲ್ಲ. ಇರುವ ಔಷಧ ಯಾರಿಗೆ ತಲಪುತ್ತದೆ, ಯಾರಿಗೆ ತಲಪುವುದಿಲ್ಲ, ತಲಪಲು ಎಷ್ಟು ಖರ್ಚು, ಎಷ್ಟು ದೂರ, ಯಾವ ಭಾಷೆ ಎಂಬುದನ್ನು ಕೇಳುವ ಶಾಸ್ತ್ರವಿದು. ಇದರ ಫಲಿತಾಂಶ ಆಸ್ಪತ್ರೆ ನಡೆಸುವವರ ಕೈಗೂ ಕಾನೂನು ಮಾಡುವವರ ಕೈಗೂ ಹೋಗದಿದ್ದರೆ ಅದು ನಿಷ್ಫಲ. ಆದ್ದರಿಂದಲೇ ಈ ಮೂರೂ ವರ್ಗದವರನ್ನು ಸದಸ್ಯರನ್ನಾಗಿಸಿಕೊಳ್ಳುವ ಸಂಘಟನೆಗಳು ಹುಟ್ಟಿಕೊಂಡವು. ಅಮೆರಿಕದ ಅಕಾಡೆಮಿಹೆಲ್ತ್ ಅವುಗಳಲ್ಲಿ ಹೆಸರಾಂತದ್ದು. 1981ರಲ್ಲಿ ಸ್ಥಾಪಿತವಾದ ಆರೋಗ್ಯ ಸೇವಾ ಸಂಶೋಧಕರ ಸಂಘವೂ, ರಾಜ್ಯ ಸರಕಾರಗಳಿಗೆ ನೀತಿಯ ವಿಷಯದಲ್ಲಿ ನೆರವಾಗುತ್ತಿದ್ದ ಆಲ್ಫಾ ಸೆಂಟರ್ ಎಂಬ ಸಂಸ್ಥೆಯೂ 2000ದಲ್ಲಿ ಒಂದಾಗಿ ಈ ಸಂಘಟನೆ ರೂಪುಗೊಂಡಿತು. ವಾರ್ಷಿಕ ಸಂಶೋಧನಾ ಸಮ್ಮೇಳನ ನಡೆಸುವುದು, ಶಾಸಕರ ಸಿಬ್ಬಂದಿಗೆ ಸಂಶೋಧನೆಯ ಸಾರವನ್ನು ತಿಳಿಯಾದ ಭಾಷೆಯಲ್ಲಿ ಒದಗಿಸುವುದು, ಆಡಳಿತಗಾರರ ಪ್ರಶ್ನೆಗಳನ್ನು ಸಂಶೋಧಕರಿಗೆ ಮುಟ್ಟಿಸುವುದು ಇದರ ಕೆಲಸ. ಜಾಗತಿಕ ಮಟ್ಟದಲ್ಲಿ ಹೆಲ್ತ್ ಸಿಸ್ಟಮ್ಸ್ ಗ್ಲೋಬಲ್ ಎಂಬ ಸದಸ್ಯತ್ವ ಸಂಘಟನೆ ಇಂಥದೇ ಉದ್ದೇಶ ಹೊತ್ತಿದೆ; 2010ರಲ್ಲಿ ಮಾಂಟ್ರೋದಲ್ಲಿ ಆರಂಭಗೊಂಡ ವಿಚಾರ ಸಂಕಿರಣಗಳ ಸರಣಿ ಎರಡು ವರ್ಷಗಳಿಗೊಮ್ಮೆ ನಡೆಯುತ್ತ 2024ರಲ್ಲಿ ಜಪಾನಿನ ನಾಗಸಾಕಿಯನ್ನು ತಲಪಿದೆ.

ಗಡಿನಾಡಿನ ದೃಷ್ಟಿಯಿಂದ ಅಕಾಡೆಮಿಹೆಲ್ತ್ ನಡೆಸಿದ ಒಂದು ಕಾರ್ಯ ವಿಶೇಷ ಗಮನಕ್ಕೆ ಅರ್ಹವಾಗಿದೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್ ಅನ್ನು ಅಲ್ಲಿ ಪ್ರತಿಯೊಂದು ರಾಜ್ಯವೂ ಪ್ರತ್ಯೇಕವಾಗಿ ನಡೆಸುತ್ತದೆ. ಒಂದು ರಾಜ್ಯದ ದಾಖಲೆ ಇನ್ನೊಂದು ರಾಜ್ಯಕ್ಕೆ ಸುಲಭವಾಗಿ ದೊರೆಯುವುದಿಲ್ಲ. ಈ ತೊಡಕನ್ನು ನಿವಾರಿಸಲು, ಪ್ರತಿ ರಾಜ್ಯದ ಮೆಡಿಕೇಯ್ಡ್ ಇಲಾಖೆಯನ್ನು ಅದೇ ರಾಜ್ಯದ ವಿಶ್ವವಿದ್ಯಾಲಯದೊಡನೆ ಜೋಡಿಸಿ, ಆ ಜೋಡಿಗಳನ್ನೆಲ್ಲ ಒಂದು ಜಾಲವಾಗಿ ಹೆಣೆಯಲಾಯಿತು. ರೋಗಿಗಳ ಹೆಸರು, ವಿವರಗಳು ರಾಜ್ಯದಿಂದ ಹೊರಹೋಗುವುದಿಲ್ಲ. ಎಲ್ಲರೂ ಒಂದೇ ಲೆಕ್ಕದ ವಿಧಾನವನ್ನು ತಮ್ಮ ತಮ್ಮ ದಾಖಲೆಗಳ ಮೇಲೆ ನಡೆಸಿ ಮೊತ್ತವನ್ನಷ್ಟೇ ಹಂಚಿಕೊಳ್ಳುತ್ತಾರೆ. ಅಫೀಮು ವರ್ಗದ ಔಷಧಗಳ ಚಟಕ್ಕೆ ಸಿಲುಕಿದವರಲ್ಲಿ ಎಷ್ಟು ಮಂದಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿದೆ ಎಂಬ ಕುರಿತು 11 ರಾಜ್ಯಗಳ 2014ರಿಂದ 2018ರವರೆಗಿನ ಚಿತ್ರವನ್ನು ಈ ವಿಧಾನದಿಂದ 2021ರಲ್ಲಿ ಪ್ರಕಟಿಸಲು ಸಾಧ್ಯವಾಯಿತು. ರಾಜ್ಯಗಳ ಗಡಿ ಇದ್ದಲ್ಲೇ ಉಳಿಯಿತು, ಜ್ಞಾನ ಮಾತ್ರ ಗಡಿ ದಾಟಿತು.

ಆದರೆ ಇಂಥ ವ್ಯವಸ್ಥೆಗಳು ಎಷ್ಟು ದುರ್ಬಲವೆಂಬುದನ್ನೂ ಇತ್ತೀಚಿನ ಬೆಳವಣಿಗೆಗಳು ತೋರಿಸಿಕೊಟ್ಟಿವೆ. 2025ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷರು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿ, ಇಂಗ್ಲಿಷ್ ಬಾರದವರಿಗೆ ಸರಕಾರಿ ಸೇವೆ ತಲಪಿಸುವ ಕುರಿತು 2000ದಲ್ಲಿ ಹೊರಡಿಸಲಾಗಿದ್ದ ಆದೇಶವನ್ನು ರದ್ದುಪಡಿಸಿದರು. ಅದೇ ತಿಂಗಳ 27ರಂದು ಆರೋಗ್ಯ ಇಲಾಖೆಯ ಪುನಾರಚನೆ ಪ್ರಕಟವಾಗಿ, ಮೇಲೆ ಹೇಳಿದ ಸಂಶೋಧನಾ ಸಂಸ್ಥೆಯನ್ನು ಬೇರೊಂದು ಕಚೇರಿಯೊಡನೆ ವಿಲೀನಗೊಳಿಸುವ ನಿರ್ಧಾರ ಹೊರಬಿತ್ತು. ಅದರ ಅನೇಕ ಸಿಬ್ಬಂದಿ ಕೆಲಸ ಕಳೆದುಕೊಂಡರು. ನಾಗರಿಕ ಹಕ್ಕುಗಳ ಮೂಲ ಕಾನೂನುಗಳು ಉಳಿದಿವೆಯಾದರೂ ಅವುಗಳನ್ನು ಜಾರಿಗೊಳಿಸುವ ಇಚ್ಛೆಯೂ ಎಣಿಸುವ ಕೈಗಳೂ ಕುಂದಿದರೆ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಪಾಠವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನೆಲದ ಅನುಭವ

ಮೂವರೂ ಒಂದೆಡೆ ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಎಂಡೋಸಲ್ಫಾನ್ ದುರಂತಕ್ಕಿಂತ ಹತ್ತಿರದ ನಿದರ್ಶನ ಬೇಡ. ಕೇರಳ ಪ್ಲಾಂಟೇಶನ್ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮ ಚಿಕಿತ್ಸಾಲಯಕ್ಕೆ ಬರುವ ಕುಟುಂಬಗಳಲ್ಲಿ ಅಸಹಜವಾದ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿ ಕಳವಳ ವ್ಯಕ್ತಪಡಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಆ ಕಳವಳವನ್ನು ಹೊರಜಗತ್ತಿಗೆ ತಲಪಿಸಿದರು. ಮೊದಲು ಕಂಡವರು ಹಳ್ಳಿಯ ವೈದ್ಯರು, ಮೊದಲು ಬರೆದವರು ಕನ್ನಡ ಪತ್ರಕರ್ತರು. ಆದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ನಡೆದದ್ದು ಹೊಸ ಶತಮಾನ ಕಾಲಿಟ್ಟ ಮೇಲೆ. ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ತಾತ್ಕಾಲಿಕ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದ್ದು 2017ರಲ್ಲಿ. ವಿಳಂಬದ ಬಗ್ಗೆ ಮತ್ತೆ ಕಟುವಾಗಿ ನುಡಿಯಬೇಕಾಗಿ ಬಂದದ್ದು 2022ರಲ್ಲಿ.

ಯಾವ ಕಾಯಿಲೆಗೆ ಯಾವುದು ಕಾರಣವೆಂಬ ವೈಜ್ಞಾನಿಕ ವಾದವಿವಾದ ಇಂದಿಗೂ ಮುಗಿದಿಲ್ಲ. ಮುಗಿಯದಿರಲು ಒಂದು ಕಾರಣ, ಸಿಂಪಡಣೆ ನಡೆಯುತ್ತಿದ್ದ ಎರಡು ದಶಕಗಳಲ್ಲಿ ಆ ಊರುಗಳ ಜನನ, ಮರಣ, ಕಾಯಿಲೆಗಳ ಲೆಕ್ಕವನ್ನು ಸಂಶೋಧನೆಯ ದೃಷ್ಟಿಯಿಂದ ಕ್ರಮವಾಗಿ ಇಟ್ಟವರಿಲ್ಲ. ಹಳ್ಳಿಯ ವೈದ್ಯರ ಸಂಶಯವನ್ನು ಅಂದೇ ಸ್ವೀಕರಿಸಿ, ಅಧ್ಯಯನಕ್ಕೆ ಒಪ್ಪಿಸಿ, ಜಿಲ್ಲಾ ಆಡಳಿತದ ಮುಂದಿಡಬಲ್ಲ ಸಂಘಟನೆಯೊಂದು ಇದ್ದಿದ್ದರೆ, ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ಅನೇಕ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತಿತ್ತೆಂದು ನಾವು ನಂಬುತ್ತೇವೆ.

ಭಾರತದಲ್ಲಿ ಇಂಥ ಸಂಸ್ಥೆಗಳೇ ಇಲ್ಲವೆಂದಲ್ಲ. ದೆಹಲಿಯಲ್ಲಿ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳ ಸಂಪನ್ಮೂಲ ಕೇಂದ್ರವಿದೆ, ಕೇರಳದಲ್ಲಿ ಅದೇ ಬಗೆಯ ರಾಜ್ಯ ಕೇಂದ್ರವಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವು ಆರೋಗ್ಯ ವ್ಯವಸ್ಥೆಯ ಕುರಿತು ಅಧ್ಯಯನ ನಡೆಸುತ್ತಿವೆ. ಕಾಸರಗೋಡಿನ ಪೆರಿಯದಲ್ಲೇ ಇರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಭಾಗವಿದೆ. ಆದರೆ ಈ ಸಂಸ್ಥೆಗಳೆಲ್ಲವೂ ದೇಶವನ್ನು ರಾಜ್ಯ ರಾಜ್ಯವಾಗಿ ನೋಡುತ್ತವೆ. ನಮ್ಮ ಬದುಕಾದರೋ ಎರಡು ರಾಜ್ಯಗಳಲ್ಲಿ ಹರಡಿಕೊಂಡಿದೆ.

ಎರಡು ರಾಜ್ಯಗಳ ನಡುವೆ ಕಳೆದುಹೋಗುವ ರೋಗಿ

ಮಂಜೇಶ್ವರದವರಿಗೆ ಹೆಚ್ಚಿನ ಚಿಕಿತ್ಸೆಯೆಂದರೆ ಮಂಗಳೂರು, ಹೊಸೂರಿನವರಿಗೆ ಬೆಂಗಳೂರು, ರಾಯದುರ್ಗದವರಿಗೆ ಬಳ್ಳಾರಿ. ತಾಳವಾಡಿಯವರು ತಮ್ಮದೇ ರಾಜ್ಯದ ಸತ್ಯಮಂಗಲವನ್ನು ತಲಪಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು, ಚಾಮರಾಜನಗರವಾದರೋ ಹತ್ತಿರ. ಹೀಗೆ ರೋಗಿಯ ಮನೆ ಒಂದು ರಾಜ್ಯದಲ್ಲಿ, ಹಾಸಿಗೆ ಇನ್ನೊಂದು ರಾಜ್ಯದಲ್ಲಿ. ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಗರ್ಭಿಣಿಯ ಹೆಸರಿರುತ್ತದೆ, ಹೆರಿಗೆಯ ದಾಖಲೆ ಗಡಿಯಾಚೆಯ ಆಸ್ಪತ್ರೆಯಲ್ಲಿರುತ್ತದೆ. ಎರಡನ್ನೂ ಜೋಡಿಸಿ ನೋಡುವ ಸಂಶೋಧಕರಿಲ್ಲದಿದ್ದರೆ ಆಕೆ ಎರಡೂ ಕಡೆಯ ಲೆಕ್ಕದಿಂದ ಜಾರಿಹೋಗುವ ಸಂಭವವಿದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಈ ಸತ್ಯ ಎಲ್ಲರ ಕಣ್ಣಿಗೆ ಬಿತ್ತು. ಆಂಬುಲೆನ್ಸ್‌ಗಳು ಹಿಂದಿರುಗಬೇಕಾಯಿತು, ಮಂಗಳೂರಿನ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರೆಂದು ವರದಿಯಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಿತು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು, ಕೊನೆಗೆ ರೋಗಿಗಳ ಸಂಚಾರಕ್ಕೆ ಒಪ್ಪಂದವಾಯಿತು. ದಿನವೊಂದಕ್ಕೆ ಎಷ್ಟು ರೋಗಿಗಳು, ಯಾವ ಕಾಯಿಲೆಗೆ ಗಡಿ ದಾಟುತ್ತಾರೆ ಎಂಬ ಅಂಕಿಅಂಶಗಳು ಎರಡೂ ಸರಕಾರಗಳ ಮುಂದೆ ಮೊದಲೇ ಇದ್ದಿದ್ದರೆ, ಗಡಿ ಮುಚ್ಚುವ ನಿರ್ಧಾರ ಕೈಗೊಂಡವರು ಡಯಾಲಿಸಿಸ್ ಅವಲಂಬಿಸಿದವರನ್ನು ಮರೆಯುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಇಂದು ಈ ಲೆಕ್ಕ ಅಸಾಧ್ಯವೇನೂ ಅಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಗಳು ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ಚಿಕಿತ್ಸೆ ಪಡೆಯಬಹುದಾಗಿದೆ. ಅಂಥ ಪ್ರತಿಯೊಂದು ಚಿಕಿತ್ಸೆಗೂ ದಾಖಲೆ ಉಳಿಯುತ್ತದೆ. ಅಮೆರಿಕದ 11 ರಾಜ್ಯಗಳು ಮಾಡಿದಂತೆ, ರೋಗಿಯ ಗುರುತನ್ನು ಬಯಲುಮಾಡದೆ ಮೊತ್ತವನ್ನಷ್ಟೇ ಜೋಡಿಸಿ ನೋಡಲು ಕೇರಳ, ಕರ್ನಾಟಕಗಳ ವಿಶ್ವವಿದ್ಯಾಲಯಗಳಿಗೆ ಅಡ್ಡಿಯೇನು? ಅಡ್ಡಿಯಿರುವುದು ತಂತ್ರಜ್ಞಾನದಲ್ಲಲ್ಲ, ಕೇಳುವವರಿಲ್ಲದಿರುವುದರಲ್ಲಿ.

ಆಕ್ಷೇಪಗಳಿಗೂ ಉತ್ತರ ಬೇಕು

ಗಡಿನಾಡಿನ ಹೊಸ ತಲೆಮಾರಿಗೆ ರಾಜ್ಯಭಾಷೆ ಬರುತ್ತದೆ, ಆದ್ದರಿಂದ ಇದೊಂದು ಸಮಸ್ಯೆಯೇ ಅಲ್ಲವೆಂಬ ಮಾತು ಕೇಳಿಬರುತ್ತದೆ. ಆದರೆ ಆಸ್ಪತ್ರೆಗೆ ಹೆಚ್ಚಾಗಿ ಹೋಗುವವರು ವೃದ್ಧರು ಮತ್ತು ಗರ್ಭಿಣಿಯರು. ತಾಯಿಯ ಸ್ತ್ರೀಸಂಬಂಧಿ ಕಾಯಿಲೆಯನ್ನು ಹತ್ತು ವರ್ಷದ ಮಗನ ಬಾಯಿಯಿಂದ ಹೇಳಿಸುವುದು ಭಾಷಾ ಸೌಲಭ್ಯವಲ್ಲ, ಅದು ಅವಮಾನ. ತಾಯಿ ಹೇಳಬೇಕಾದದ್ದನ್ನು ನುಂಗಿಕೊಳ್ಳುತ್ತಾಳೆ. ಮಗು ತನಗೆ ಅರ್ಥವಾಗದ್ದನ್ನು ಊಹಿಸಿ ಹೇಳುತ್ತದೆ. ಜೊತೆಗೆ ಆ ದಿನದ ಪಾಠವೂ ತಪ್ಪುತ್ತದೆ.

ಇಂಥ ಸಂಘಟನೆಗಳು ವಿದ್ವಾಂಸರ ಕೂಟಗಳಾಗಿ ಉಳಿದುಬಿಡುತ್ತವೆ ಎಂಬ ಇನ್ನೊಂದು ಆಕ್ಷೇಪದಲ್ಲಿ ತಥ್ಯವಿದೆ. ಸಮ್ಮೇಳನಗಳ ಭಾಷೆ ಇಂಗ್ಲಿಷ್, ಸದಸ್ಯತ್ವಕ್ಕೆ ಶುಲ್ಕ, ಪ್ರಬಂಧಗಳು ದೂರದ ನಗರಗಳಲ್ಲಿ. ಸಂಶೋಧಕ, ನಿರ್ವಾಹಕ, ನೀತಿ ನಿರೂಪಕ ಎಂಬ ಮೂವರ ನಡುವೆ ರೋಗಿಯ ಸ್ಥಾನವೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಈ ಕೊರತೆಯನ್ನು ತುಂಬಬೇಕಾದವರು ಸ್ಥಳೀಯ ಸಂಸ್ಥೆಗಳು. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪಂಚಾಯತುಗಳ ಆಡಳಿತಕ್ಕೆ ಒಳಪಟ್ಟಿವೆ. ಆಸ್ಪತ್ರೆ ನಿರ್ವಹಣಾ ಸಮಿತಿಗಳಿವೆ. ಇತರ ರಾಜ್ಯಗಳಲ್ಲಿ ಗ್ರಾಮ ಆರೋಗ್ಯ ಸಮಿತಿಗಳೂ ರೋಗಿ ಕಲ್ಯಾಣ ಸಮಿತಿಗಳೂ ಇವೆ. ತಮಿಳುನಾಡಿನ ಮನೆಬಾಗಿಲಿಗೆ ಚಿಕಿತ್ಸೆ ಒಯ್ಯುವ ಯೋಜನೆ 2021ರ ಆಗಸ್ಟ್‌ನಲ್ಲಿ ಚಾಲನೆ ಪಡೆದದ್ದು ಹೊಸೂರನ್ನು ಒಳಗೊಂಡ ಕೃಷ್ಣಗಿರಿ ಜಿಲ್ಲೆಯಲ್ಲೇ. ಮನೆಬಾಗಿಲಿಗೆ ಬಂದ ಕಾರ್ಯಕರ್ತೆ ಮನೆಯ ಭಾಷೆಯಲ್ಲಿ ಮಾತನಾಡುತ್ತಾಳೆಯೇ ಎಂದು ಕೇಳುವ ಅಧಿಕಾರ ಆ ಮನೆಯವರಿಗಿದೆ.

ನಾವು ಕೇಳಬೇಕಾದದ್ದು

ಮೊದಲನೆಯದಾಗಿ, ಭಾಷಾ ಅಲ್ಪಸಂಖ್ಯಾತರಿರುವ ಪ್ರದೇಶದ ಸರಕಾರಿ ಆಸ್ಪತ್ರೆಗಳ ಹೊರರೋಗಿ ಚೀಟಿಯಲ್ಲಿ ರೋಗಿಯ ಮಾತಿನ ಭಾಷೆ ಎಂಬ ಒಂದು ಅಂಕಣವಿರಲಿ. ಹೆಸರು, ವಯಸ್ಸು, ಊರು ಬರೆಯುವ ಚೀಟಿಯಲ್ಲಿ ಇನ್ನೊಂದು ಪದ ಬರೆಯಲು ವೆಚ್ಚವಿಲ್ಲ. ಎಣಿಕೆಯಿಲ್ಲದೆ ಬೇಡಿಕೆಗೆ ಬಲ ಬಾರದು.

ಎರಡನೆಯದಾಗಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ, ಔಷಧ ಸೇವನೆಯ ಸೂಚನೆ, ಬಾಣಂತಿ ಮತ್ತು ಶಿಶುವಿನ ಆರೈಕೆಯ ತಿಳಿವಳಿಕೆ ಇಷ್ಟಾದರೂ ಕನ್ನಡದಲ್ಲಿ ದೊರೆಯಲಿ. ಕೇರಳದ ಅಧಿಕೃತ ಭಾಷಾ ಶಾಸನವು ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಬೇಡಿಕೆಯ ಪತ್ರ ಕನ್ನಡದಲ್ಲೇ ಹೋಗಲಿ.

ಮೂರನೆಯದಾಗಿ, ಮಕ್ಕಳನ್ನು ದುಭಾಷಿಗಳನ್ನಾಗಿಸುವ ರೂಢಿ ನಿಲ್ಲಲಿ. ಕೇರಳ ಲೋಕಸೇವಾ ಆಯೋಗವು ಕನ್ನಡ ಮತ್ತು ಮಲಯಾಳ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳಿಗೆ ಅರ್ಜಿ ಕರೆದ ಪರಿಪಾಠವಿದೆ. ಅದೇ ನ್ಯಾಯ ದಾದಿಯರಿಗೂ ಕ್ಷೇತ್ರ ಆರೋಗ್ಯ ಸಿಬ್ಬಂದಿಗೂ ಏಕೆ ಅನ್ವಯಿಸಬಾರದು? ನಮ್ಮ ಶಾಲೆಗಳಲ್ಲಿ ಎರಡು ಭಾಷೆಗಳನ್ನು ಕಲಿತ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅಂಥ ಹುದ್ದೆಗಳಿಗೆ ಅತ್ಯಂತ ಅರ್ಹರು. ಮಗುವಾಗಿದ್ದಾಗ ಅನಿವಾರ್ಯವಾಗಿ ಹೊತ್ತ ಹೊರೆ ದೊಡ್ಡವರಾದಾಗ ಗೌರವದ ವೃತ್ತಿಯಾದರೆ ಕನ್ನಡ ಮಾಧ್ಯಮಕ್ಕೂ ಒಂದು ಭವಿಷ್ಯ ತೆರೆಯುತ್ತದೆ.

ನಾಲ್ಕನೆಯದಾಗಿ, ಗಡಿಯ ಎರಡೂ ಕಡೆಯ ವಿಶ್ವವಿದ್ಯಾಲಯಗಳು, ಜಿಲ್ಲಾ ವೈದ್ಯಾಧಿಕಾರಿಗಳು, ಪಂಚಾಯತು ಪ್ರತಿನಿಧಿಗಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಕುಳಿತು ಗಡಿ ದಾಟುವ ರೋಗಿಗಳ ಲೆಕ್ಕವನ್ನು ಜನರ ಮುಂದಿಡಲಿ. ಆ ಲೆಕ್ಕ ಗಡಿಯ ಎರಡೂ ಕಡೆಯ ಜನಭಾಷೆಗಳಲ್ಲಿ ಪ್ರಕಟವಾಗಲಿ.

ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ. ಮುಂದಿನ ಗ್ರಾಮಸಭೆಗೆ ಹೋಗುವ ಪೋಷಕರು ಮೊದಲ ಬೇಡಿಕೆಯೊಂದನ್ನಾದರೂ ಬರೆದುಕೊಂಡು ಹೋಗಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ವಾಣಿನಗರದ ವೈದ್ಯರ ಸಂಶಯ ದೆಹಲಿಯನ್ನು ತಲಪಲು ದಶಕಗಳು ಬೇಕಾದವು. ನಮ್ಮ ಮಕ್ಕಳು ಆಸ್ಪತ್ರೆಯ ಬಾಗಿಲಲ್ಲಿ ಹೊರುತ್ತಿರುವ ಹೊರೆ ಪಂಚಾಯತು ಕಚೇರಿಯನ್ನು ತಲಪಲು ಅಷ್ಟು ಕಾಲ ಬೇಕಾಗಬಾರದು.